ಬಿಸಿಯ ಕೊಡುಕೊಳೆ

(ಬಾನುಲಿ ಭಾಷಣ)

ಕೆಚ್ಚಲಿನಿಂದ ಇಳಿಯುವಾಗ ಹಾಲು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಆ ಬೆಚ್ಚನೆ ಕರುವಿಗೆ ಹಿತ. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳಿಗೆ ಇನ್ನೂ ಹಿತ. ಘಟ್ಟದ ಕೆಳಗಿನ ನಮ್ಮ ಸೆಕೆಯಲ್ಲಿ ಕರೆದ ಹಾಲನ್ನು ಹಾಗೆಯೇ ಬಿಟ್ಟರೆ, ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋಗಿ, ಹೊತ್ತು ನೆತ್ತಿಗೇರುವಷ್ಟರಲ್ಲಿ ಹಾಲು ಹಾಲಾಗಿ ಉಳಿಯುವ ಭರವಸೆ ಇರುವುದಿಲ್ಲ. ಹೀಗಿರುವಾಗ, ಚಾರ್ಮಾಡಿ ಘಟ್ಟದ ಬುಡದ ಒಂದು ಮನೆಯಲ್ಲಿ ನಸುಕಿನಲ್ಲಿ ಕರೆದ ಎರಡು ಲೀಟರ್ ಹಾಲು ಊರಿನ ಸೊಸೈಟಿಯನ್ನು ಸೇರಿ, ಬೆಳ್ತಂಗಡಿ ದಾಟಿ, ಬಂಟ್ವಾಳ ದಾಟಿ, 80 ಕಿಲೋಮೀಟರಿನ ಆಚೀಚೆ ಇರುವ ಮಂಗಳೂರಿನ ಕುಲಶೇಖರದ ಡೇರಿಯನ್ನು ಮುಟ್ಟಿ, ಮರುದಿನ ಬೆಳಗ್ಗೆ ಯಾರದೋ ಕಾಫಿಯ ಲೋಟಕ್ಕೆ ಬೀಳಬೇಕು. ಮೂಡುಬಿದಿರೆಯ ಕಡೆಯಿಂದ ಹೊರಡುವ ಹಾಲಿಗೆ ದಾರಿ ಸ್ವಲ್ಪ ಹತ್ತಿರ. ಸೆಕೆ ಮಾತ್ರ ಅದೇ.

ಆದ್ದರಿಂದ ಹಾಲನ್ನು ಮೊದಲು ತಣಿಸಬೇಕು, 4 ಡಿಗ್ರಿಯವರೆಗೆ. ಡೇರಿಗೆ ಬಂದ ಮೇಲೆ ಕಾಯಿಸಬೇಕು, 72 ಡಿಗ್ರಿಗೆ; ಅಲ್ಲಿ 15 ಸೆಕೆಂಡು ನಿಲ್ಲಿಸಬೇಕು. ಲೂಯಿ ಪಾಶ್ಚರನ ಹೆಸರಿನಲ್ಲಿ ನಡೆಯುವ ಸಂಸ್ಕಾರ ಇದು. ಅದಾದೊಡನೆ ಮತ್ತೆ 4 ಡಿಗ್ರಿಗೆ ತಣಿಸಬೇಕು. ತಣಿಸುವುದು, ಕಾಯಿಸುವುದು, ಪುನಃ ತಣಿಸುವುದು: ಕೇಳಿದರೆ ಹುಚ್ಚರ ಕೆಲಸದಂತಿದೆ. ಆ ಹುಚ್ಚಿಗೆ ಲೆಕ್ಕದ ಬುದ್ಧಿಯನ್ನು ಕಲಿಸಿದ್ದು ತೆಳುವಾದ ತಗಡುಗಳ ಒಂದು ಕಟ್ಟು. ಡೇರಿಯ ಕೆಲಸಗಾರರು ಅದನ್ನು ಚುಟುಕಾಗಿ ಪಿ.ಎಚ್.ಇ. ಎನ್ನುತ್ತಾರೆ, ಬಿಡಿಸಿ ಹೇಳಿದರೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್. ಪಠ್ಯಪುಸ್ತಕದವರು ಉಷ್ಣವಿನಿಮಯಕ ಎಂದು ಕನ್ನಡಿಸಿದ್ದಾರೆ. ನಮ್ಮ ಕಡೆ ಮದುವೆ ಸಂಬಂಧಕ್ಕೂ ವ್ಯಾಪಾರಕ್ಕೂ ಸಲ್ಲುವ ಕೊಡುಕೊಳೆ ಎಂಬ ಮಾತು ನನಗೆ ಹೆಚ್ಚು ಒಪ್ಪಿಗೆ.

ಈ ಯಂತ್ರದ ಮೂಲ ವಿಚಾರ ಚಿಕ್ಕಂದಿನಲ್ಲಿ ನನಗೆ ಹೊಳೆದದ್ದು ಬಚ್ಚಲು ಮನೆಯಲ್ಲಿ. ಬೆಳ್ತಂಗಡಿ ಸೀಮೆಯ ನಮ್ಮ ಹಳೆಯ ಮನೆಯ ಬಚ್ಚಲಲ್ಲಿ ತಾಮ್ರದ ದೊಡ್ಡ ಹಂಡೆ. ಅದರ ಬುಡಕ್ಕೆ ತೆಂಗಿನ ಮಡಲು, ಅಡಿಕೆಯ ಹಾಳೆ, ಸಿಪ್ಪೆ. ಗಂಟೆಗಟ್ಟಲೆ ಉರಿಸಿ ಕಾಯಿಸಿದ ನೀರು ನಮ್ಮ ತಲೆಯ ಮೇಲೆ ಒಂದು ಕ್ಷಣ ಇದ್ದು, ಇನ್ನೂ ಬಿಸಿಯಾಗಿಯೇ ಬಾಳೆಯ ಬುಡಕ್ಕೆ ಹರಿದುಹೋಗುತ್ತಿತ್ತು. ಅದೇ ಹೊತ್ತಿಗೆ ಬಾವಿಯಿಂದ ಸೇದಿದ ತಣ್ಣೀರು ಹಂಡೆಗೆ ಬೀಳುತ್ತಿತ್ತು. ಹೋಗುವ ನೀರು ಬರುವ ನೀರಿಗೆ ತನ್ನ ಬಿಸಿಯನ್ನು ಕೊಟ್ಟು ಹೋಗಬಾರದೇ ಎಂದು ಕೇಳಿದ್ದಕ್ಕೆ, ಮಿಂದ ನೀರನ್ನು ಹಂಡೆಗೆ ತಾಗಿಸುವ ಮಾತಾಡಬೇಡ ಎಂದು ಅಜ್ಜಿ ಗದರಿಸಿದ್ದಳು. ಅಜ್ಜಿಯ ಆಕ್ಷೇಪ ಶಾಸ್ತ್ರದ್ದು. ಆದರೆ ಎಂಜಿನಿಯರಿನ ಇಡೀ ಸಮಸ್ಯೆ ಅದರಲ್ಲೇ ಇದೆ. ಎರಡು ನೀರು ಒಂದಕ್ಕೊಂದು ಬಿಸಿಯನ್ನು ಕೊಡಬೇಕು, ಆದರೆ ತಾಗಬಾರದು.

ನೇತ್ರಾವತಿಯೂ ಕುಮಾರಧಾರೆಯೂ ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಅದನ್ನು ನಾವು ಸಂಗಮವೆಂದು ಕರೆದು ಅಲ್ಲಿ ಮೀಯುತ್ತೇವೆ. ಡೇರಿಯಲ್ಲಿ ಸಂಗಮವೆಂದರೆ ಅನಾಹುತ. ಅಲ್ಲಿ ಒಂದು ಕಡೆ ಹಸಿ ಹಾಲು, ಇನ್ನೊಂದು ಕಡೆ ಕಾಯಿಸಿ ಶುದ್ಧಮಾಡಿದ ಹಾಲು. ಒಂದು ಹನಿ ಆಚೆಯದು ಈಚೆಗೆ ಬಂದರೂ ಮಾಡಿದ ಕೆಲಸವೆಲ್ಲ ನೀರುಪಾಲು. ಸಾಲದ್ದಕ್ಕೆ ಈ ಎರಡು ಹೊಳೆಗಳು ಎದುರುಬದುರಾಗಿ ಹರಿಯಬೇಕು. ಒಂದೇ ದಿಕ್ಕಿನಲ್ಲಿ ಹರಿದರೆ ಎರಡೂ ನಡುವಣ ಒಂದು ಉಗುರುಬೆಚ್ಚನೆಗೆ ಬಂದು ನಿಲ್ಲುತ್ತವೆ, ಅರ್ಧ ಬಿಸಿ ಅಲ್ಲಿಗೇ ಮುಗಿಯಿತು. ಎದುರಿನಿಂದ ಬಂದರೆ, ತಣ್ಣನೆಯ ಹಾಲು ಹೊರಡುವ ಬಾಗಿಲಲ್ಲಿ ಅದಕ್ಕೆ ಸಿಗುವುದು ಆಗ ತಾನೇ ಕಾದು ಬಂದ ಹಾಲು. ಹಾಗಾಗಿ 4 ಡಿಗ್ರಿಯಲ್ಲಿ ಒಳಹೊಕ್ಕ ಹಸಿ ಹಾಲು ಬೆಂಕಿಯ ಮುಖವನ್ನೇ ಕಾಣದೆ 65 ಡಿಗ್ರಿಯವರೆಗೆ ಏರಬಲ್ಲದು. ಉಳಿದ ಏಳು ಡಿಗ್ರಿಗೆ ಮಾತ್ರ ಬಿಸಿನೀರಿನ ಸಹಾಯ. ಆ ಬಿಸಿನೀರೂ ಹಾಲಿಗಿಂತ ಎರಡು ಮೂರು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸಾಕು; ಆದ್ದರಿಂದಲೇ ತಳ ಹಿಡಿದ ವಾಸನೆ ಅಲ್ಲಿ ಬರುವುದಿಲ್ಲ. ನಮ್ಮ ಮನೆಯ ಪಾತ್ರೆಯಲ್ಲಿ ತಳ ಹಿಡಿಯುವುದು ಬೆಂಕಿಗೂ ಹಾಲಿಗೂ ನಡುವೆ ನೂರಾರು ಡಿಗ್ರಿಯ ಅಂತರ ಇರುವುದರಿಂದ.

ಯಂತ್ರದ ರಚನೆಯನ್ನು ಬಾನುಲಿಯಲ್ಲಿ ತೋರಿಸುವುದು ಕಷ್ಟ. ಆದರೆ ಆಟಿ ತಿಂಗಳ ಮಳೆಯಲ್ಲಿ ಪತ್ರೊಡೆ ಮಾಡುವುದನ್ನು ಕಂಡವರಿಗೆ ಕಷ್ಟವಾಗದು. ಕೆಸುವಿನ ಒಂದು ಎಲೆ, ಅದರ ಮೇಲೆ ಅರೆದ ಹಿಟ್ಟು, ಅದರ ಮೇಲೆ ಇನ್ನೊಂದು ಎಲೆ. ಒಂದರ ತುದಿ ಅತ್ತ, ಮತ್ತೊಂದರ ತುದಿ ಇತ್ತ. ಇಲ್ಲಿ ಎಲೆಯ ಬದಲು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡು. ಹಿಟ್ಟಿನ ಬದಲು ಕೆಲವೇ ಮಿಲಿಮೀಟರ್ ಅಗಲದ ಸಂದು. ಒಂದು ಸಂದಿನಲ್ಲಿ ಬಿಸಿಯದು, ಮುಂದಿನದರಲ್ಲಿ ತಣ್ಣನೆಯದು, ಮತ್ತೆ ಬಿಸಿಯದು. ಪ್ರತಿ ತಗಡಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ಕಿಂಡಿ, ಅಂಚಿನ ಸುತ್ತ ರಬ್ಬರಿನ ಗ್ಯಾಸ್ಕೆಟ್. ಯಾವ ಕಿಂಡಿಯನ್ನು ಸಂದಿಗೆ ತೆರೆದಿಟ್ಟು ಯಾವುದನ್ನು ಮುಚ್ಚಬೇಕೆಂಬುದನ್ನು ಈ ರಬ್ಬರು ನಿರ್ಧರಿಸುತ್ತದೆ. ಒಂದು ಬಿಟ್ಟು ಒಂದು ತಗಡನ್ನು ತಲೆಕೆಳಗು ಮಾಡಿ ತೂಗುಹಾಕಿದರೆ ದಾರಿಗಳು ತಾವಾಗಿಯೇ ಬೇರೆಯಾಗುತ್ತವೆ. ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ಹೇಳುವುದುಂಟು. ಶಿಲ್ಪಿಯ ಹೆಮ್ಮೆ ಅದು. ಇಲ್ಲಿಯ ಹೆಮ್ಮೆ ಅದಕ್ಕೆ ತದ್ವಿರುದ್ಧ. ನೂರು ತಗಡು, ಒಂದೇ ಅಚ್ಚು. ತಿರುಗಿಸಿ ಇಟ್ಟದ್ದರಿಂದಲೇ ಎರಡು ಬಗೆ. ಕೊನೆಗೆ ಎರಡು ದಪ್ಪ ಹಲಗೆಗಳ ನಡುವೆ ಇಡೀ ಕಟ್ಟನ್ನು ಉದ್ದನೆಯ ಬೋಲ್ಟುಗಳಿಂದ ಬಿಗಿಯುತ್ತಾರೆ. ನಾಳೆ ಹಾಲು ಹೆಚ್ಚಾದರೆ ಬೋಲ್ಟು ಸಡಿಲಿಸಿ ಇನ್ನಷ್ಟು ತಗಡು ಸೇರಿಸಬಹುದು.

ಇದನ್ನು ಬಳಕೆಗೆ ತಂದ ಕೀರ್ತಿ ರಿಚರ್ಡ್ ಸೆಲಿಗ್‌ಮನ್ ಎಂಬವರದು. ಲಂಡನ್ನಿನಲ್ಲಿ 1910ರಲ್ಲಿ ಅಲ್ಯುಮಿನಿಯಂ ಪ್ಲಾಂಟ್ ಅಂಡ್ ವೆಸೆಲ್ ಕಂಪೆನಿಯನ್ನು ಸ್ಥಾಪಿಸಿದ ಅವರು 1923ರಲ್ಲಿ ಹಾಲಿಗೆಂದೇ ಈ ಯಂತ್ರವನ್ನು ಮಾರುಕಟ್ಟೆಗೆ ತಂದರು. ಮೊದಲಿನ ಫಲಕಗಳು ಎರಕ ಹೊಯ್ದ ದಪ್ಪ ಲೋಹದವು. ತೆಳು ಸ್ಟೀಲನ್ನು ಅಚ್ಚೊತ್ತುವ ಕ್ರಮ ಅನಂತರದ್ದು. ಅದಕ್ಕೆ ಮೊದಲು ಕೊಳವೆಯೊಳಗೆ ಕೊಳವೆ ಇಟ್ಟು ಹಾಲು ಕಾಯಿಸುತ್ತಿದ್ದರು. ಕೊಳವೆಯ ಒಳಮೈಯನ್ನು ನೋಡಿ ತೊಳೆಯುವವರು ಯಾರು? ತಗಡಿನ ಕಟ್ಟಾದರೆ ಪುಸ್ತಕದಂತೆ ಬಿಚ್ಚಿ ಪುಟ ಪುಟವನ್ನೂ ಉಜ್ಜಬಹುದು. ಹೀಗೆ ತೊಳೆಯುವ ಅನುಕೂಲಕ್ಕೆಂದು ಬಂದದ್ದು ಬಿಸಿಯ ಉಳಿತಾಯದಲ್ಲಿಯೂ ಎಲ್ಲವನ್ನೂ ಮೀರಿಸಿತು.

ಮೀರಿಸಿದ್ದಕ್ಕೆ ಕಾರಣ ತಗಡಿನ ಮೈಮೇಲಿನ ಏಣುಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಫಲವಾಗಿ ನಮ್ಮೆಲ್ಲರ ತಲೆಯ ಮೇಲೆ ಏಣುಳ್ಳ ಹಂಚುಗಳಿವೆ. ಹಂಚಿನ ಏಣು ಮಳೆನೀರಿಗೆ ದಾರಿ ತೋರಿಸಿ ಸುಗಮವಾಗಿ ಇಳಿಸುತ್ತದೆ. ತಗಡಿನ ಏಣು ಹಾಲನ್ನು ಕಾಡುತ್ತದೆ. ಯಾವ ದ್ರವವೇ ಆಗಲಿ ಗೋಡೆಯ ಪಕ್ಕದಲ್ಲಿ ಒಂದು ತೆಳು ಪದರವಾಗಿ ಅಂಟಿಕೊಂಡು ಸೋಮಾರಿಯಂತೆ ನಿಲ್ಲುತ್ತದೆ. ಆ ಪದರ ಕಂಬಳಿಯ ಹಾಗೆ, ಬಿಸಿಯನ್ನು ದಾಟಗೊಡುವುದಿಲ್ಲ. ಮೀನಿನ ಮುಳ್ಳಿನಂತೆ ಓರೆಯಾಗಿ ಒತ್ತಿದ ಏಣುಗಳ ನಡುವೆ ಹಾಲು ಹೆಜ್ಜೆ ಹೆಜ್ಜೆಗೂ ತಿರುಗಿ, ಸುಳಿದು, ತನ್ನನ್ನು ತಾನೇ ಕಡೆದುಕೊಳ್ಳುತ್ತ ಹೋಗುವಾಗ ಆ ಕಂಬಳಿ ಹರಿಯುತ್ತದೆ. ಅಲ್ಲದೆ ಅಕ್ಕಪಕ್ಕದ ತಗಡುಗಳ ಏಣುಗಳು ಒಂದನ್ನೊಂದು ಅಡ್ಡಹಾಯುವ ನೂರಾರು ಬಿಂದುಗಳಲ್ಲಿ ತಾಗಿ ನಿಲ್ಲುವುದರಿಂದ, ಕೈಯಲ್ಲಿ ಹಿಡಿದರೆ ಬಳುಕುವ ತಗಡು ಕಟ್ಟಿನೊಳಗೆ ಪಂಪಿನ ಒತ್ತಡವನ್ನು ತಡೆದುಕೊಳ್ಳುತ್ತದೆ.

ಏಣು ಹೆಚ್ಚು ಅಡ್ಡಲಾದಷ್ಟೂ ಬಿಸಿ ಚೆನ್ನಾಗಿ ದಾಟುತ್ತದೆ; ಪಂಪೂ ಅಷ್ಟೇ ಹೆಚ್ಚು ದಣಿಯುತ್ತದೆ. ತಗಡು ಎಷ್ಟು ಬೇಕು ಎಂಬುದರಲ್ಲೂ ಇಂಥದೇ ಒಂದು ಚೌಕಾಸಿ ಇದೆ. ಎರಡು ಹೊಳೆಗಳೂ ಸಮನಾಗಿದ್ದು ಎದುರುಬದುರು ಹರಿಯುವಾಗ, ಬಿಸಿಯಲ್ಲಿ ಅರ್ಧವನ್ನು ಮರಳಿ ಪಡೆಯಲು ಬೇಕಾದ ತಗಡನ್ನು ಒಂದು ಪಾಲು ಎನ್ನೋಣ. ಐದರಲ್ಲಿ ನಾಲ್ಕು ಭಾಗವನ್ನು ಪಡೆಯಲು ನಾಲ್ಕು ಪಾಲು ತಗಡು ಬೇಕು. ಹತ್ತರಲ್ಲಿ ಒಂಬತ್ತಕ್ಕೆ ಒಂಬತ್ತು ಪಾಲು. ಇಪ್ಪತ್ತರಲ್ಲಿ ಹತ್ತೊಂಬತ್ತಕ್ಕೆ ಹತ್ತೊಂಬತ್ತು ಪಾಲು. ಗಣಿತದಲ್ಲಿ ಇಷ್ಟು ಸರಳವಾದ ಉತ್ತರ ಸಿಗುವುದು ಅಪರೂಪ. ಇದನ್ನು ವಿದ್ಯುತ್ತಿಗೆ ಪರಿವರ್ತಿಸಿ ನೋಡಿದರೆ, ಸಾವಿರ ಲೀಟರ್ ಹಾಲನ್ನು 4ರಿಂದ 72 ಡಿಗ್ರಿಗೆ ನೇರವಾಗಿ ಕಾಯಿಸಲು ಸುಮಾರು 75 ಯೂನಿಟ್ ಬೇಕು. ಒಂಬತ್ತು ಪಾಲಿನ ತಗಡಿದ್ದರೆ ಏಳೂವರೆ ಸಾಕು. ಹತ್ತೊಂಬತ್ತು ಪಾಲಿದ್ದರೆ ನಾಲ್ಕಕ್ಕಿಂತ ಸ್ವಲ್ಪ ಕಡಮೆ. ಮೊದಲ ಒಂಬತ್ತು ಪಾಲು 67 ಯೂನಿಟ್ ಉಳಿಸಿಕೊಟ್ಟರೆ, ಮುಂದಿನ ಹತ್ತು ಪಾಲು ಉಳಿಸಿಕೊಡುವುದು ನಾಲ್ಕನ್ನು ಮಾತ್ರ. ತಣಿಸುವ ಖರ್ಚಿನಲ್ಲಿಯೂ ಇದೇ ಪ್ರಮಾಣ. ದುರಾಸೆಗೆ ಎಲ್ಲಿ ನಿಲ್ಲಬೇಕೆಂದು ಯಂತ್ರ ಹೇಳುವುದಿಲ್ಲ. ತಗಡಿನ ಬೆಲೆ, ಕರೆಂಟಿನ ಬೆಲೆ, ತೊಳೆಯುವವರ ಕೂಲಿ ಇವನ್ನು ಎದುರಿಗಿಟ್ಟುಕೊಂಡು ಮನುಷ್ಯನೇ ಹೇಳಬೇಕು. ತೊಳೆಯುವುದನ್ನು ಮರೆತು ಲೆಕ್ಕ ಹಾಕುವವರೇ ಹೆಚ್ಚು. ಬಿಸಿಯ ಮೈಗೆ ಹಾಲಿನ ಸಾರವೂ ಸುಣ್ಣದಂಶವೂ ಸೇರಿ ಗಟ್ಟಿ ಪದರವಾಗಿ ಕೂರುತ್ತದೆ. ಮೊದಲು ಕ್ಷಾರ, ಆಮೇಲೆ ಆಮ್ಲ ಹರಿಸಿ ದಿನವೂ ಅದನ್ನು ತೆಗೆಯದಿದ್ದರೆ ಹತ್ತೊಂಬತ್ತು ಪಾಲಿನ ತಗಡು ಐದು ಪಾಲಿನದಾಗುತ್ತದೆ.

ಇಷ್ಟನ್ನು ಪುಸ್ತಕ ಓದಿದವರು ಯಾರೂ ಹೇಳಿಯಾರು. ಈ ಭಾಷಣಕ್ಕೆ ನಾನು ಒಪ್ಪಿದ್ದು ಇನ್ನೊಂದು ಕಾರಣಕ್ಕಾಗಿ.

ಬಹಳ ವರ್ಷಗಳ ಹಿಂದೆ ಒಂದು ಶೀತಲೀಕರಣ ಕೇಂದ್ರದ ಯಂತ್ರಗಳ ಹೊಣೆ ನನ್ನ ಮೇಲಿತ್ತು. ಅದರ ಹೆಸರು ಬೇಡ. ಸುತ್ತಲಿನ ಸೊಸೈಟಿಗಳಿಂದ ಕ್ಯಾನುಗಳಲ್ಲಿ ಬಂದ ಹಾಲು ಅಲ್ಲಿ ತಗಡುಗಳ ನಡುವೆ ಹಾದು, ಮಂಜಿನಷ್ಟು ತಣ್ಣನೆಯ ನೀರಿಗೆ ತನ್ನ ಬಿಸಿಯನ್ನು ಕೊಟ್ಟು, ಟ್ಯಾಂಕರನ್ನು ಸೇರುತ್ತಿತ್ತು. ಒಂದು ಮಳೆಗಾಲದಲ್ಲಿ ಡೇರಿಯಿಂದ ದೂರು ಬಂತು: ಟ್ಯಾಂಕರಿನ ಹಾಲಿನ ಡಿಗ್ರಿ ಕಡಮೆ, ನೂರು ಲೀಟರಿಗೆ ಎರಡು ಮೂರು ಲೀಟರ್ ನೀರು ಇದ್ದಂತಿದೆ. ನೀರು ಎಂದೊಡನೆ ಎಲ್ಲರ ಕಣ್ಣು ಹಳ್ಳಿಯ ಕಡೆಗೆ ತಿರುಗಿತು. ಹಾಲಿಗೆ ನೀರು ಹಾಕುವವರು ಯಾರೆಂಬುದಕ್ಕೆ ನಮ್ಮಲ್ಲಿ ಹಳೆಯ ಉತ್ತರವೊಂದು ಸದಾ ಸಿದ್ಧವಾಗಿರುತ್ತದಲ್ಲ! ಸೊಸೈಟಿಗಳ ಕಾರ್ಯದರ್ಶಿಗಳನ್ನು ಕರೆಸಿದರು. ಹಣ ಹಿಡಿದರು. ಒಂದು ಊರಿನ ಕಾರ್ಯದರ್ಶಿಗೆ ಅರುವತ್ತು ದಾಟಿತ್ತು. ಬೆಳಗ್ಗೆ ಒಂದೂವರೆ ಲೀಟರ್, ಸಂಜೆ ಒಂದು ಲೀಟರ್ ಅಳೆಯುವ ಹೆಂಗಸರ ಮುಂದೆ ಅವರು ಲ್ಯಾಕ್ಟೋಮೀಟರ್ ಹಿಡಿದು ಪ್ರತಿಯೊಬ್ಬರ ಹಾಲನ್ನೂ ಅನುಮಾನದಿಂದ ನೋಡಬೇಕಾಯಿತು. ಹಾಲು ಸರಿಯಾಗಿಯೇ ಇತ್ತು. ಸರಿಯಾಗಿರುವ ಹಾಲನ್ನು ಮೂರು ವಾರ ಸಂಶಯದಿಂದ ಅಳೆದರೆ ಊರಿನಲ್ಲಿ ಏನು ಉಳಿಯುತ್ತದೆ? ಅತ್ತೆಯ ಹಾಲಿಗೆ ಸೊಸೆ ನೀರು ಹಾಕಿದಳೆಂಬ ಮಾತೂ ಒಂದು ಮನೆಯಲ್ಲಿ ಬಂತೆಂದು ಆಮೇಲೆ ಕೇಳಿದೆ.

ಮೂರು ವಾರದ ಮೇಲೆ, ಬೇರೇನೂ ತೋಚದೆ, ಒಂದು ಬೆಳಗ್ಗೆ ತಗಡಿನ ಕಟ್ಟಿಗೆ ಹೋಗುವ ಹಾಲಿನ ಒಂದು ಸೀಸೆಯನ್ನೂ ಅಲ್ಲಿಂದ ಹೊರಬಂದ ಹಾಲಿನ ಒಂದು ಸೀಸೆಯನ್ನೂ ಹಿಡಿದು ಪಕ್ಕಪಕ್ಕದಲ್ಲಿ ಅಳೆದೆವು. ಒಳಗೆ ಹೋಗುವಾಗ ಹಾಲು, ಬರುವಾಗ ನೀರುಹಾಲು. ಈ ಪರೀಕ್ಷೆಗೆ ಹಿಡಿದದ್ದು ಹತ್ತು ನಿಮಿಷ. ಅದನ್ನು ಮಾಡಬೇಕೆಂದು ಮೂರು ವಾರ ಯಾರಿಗೂ ಹೊಳೆದಿರಲಿಲ್ಲ, ಎಲ್ಲರಿಗಿಂತ ಮೊದಲು ಹೊಳೆಯಬೇಕಾಗಿದ್ದ ನನಗೂ.

ನನಗೇಕೆ ಹೊಳೆಯಲಿಲ್ಲವೆಂದರೆ, ಯಂತ್ರ ಸೋರಿದರೆ ಕಾಣುತ್ತದೆ ಎಂಬ ನಂಬಿಕೆಯಿಂದ. ಆ ನಂಬಿಕೆಗೆ ಆಧಾರವಿತ್ತು. ತಗಡಿನ ಕಿಂಡಿಗಳ ಬಳಿ ಗ್ಯಾಸ್ಕೆಟ್ ಒಂದಲ್ಲ, ಎರಡು ಸಾಲು. ಎರಡರ ನಡುವಣ ಜಾಗ ಹೊರಗಿನ ಗಾಳಿಗೆ ತೆರೆದಿರುತ್ತದೆ. ಒಂದು ಸಾಲು ಹಾಳಾದರೆ ಹಾಲು ನೀರಿನ ಕಡೆಗೂ ಹೋಗದು, ನೀರು ಹಾಲಿನ ಕಡೆಗೂ ಬಾರದು. ನೆಲಕ್ಕೆ ತೊಟ್ಟಿಕ್ಕುತ್ತದೆ, ಕೆಲಸಗಾರನ ಕಾಲು ಒದ್ದೆಯಾಗುತ್ತದೆ. ಇಡೀ ಯಂತ್ರದಲ್ಲಿ ನಾನು ಅತ್ಯಂತ ಮೆಚ್ಚುವ ಭಾಗ ಇದು. ಗ್ಯಾಸ್ಕೆಟ್ ಎಂದೂ ಕೆಡುವುದಿಲ್ಲ ಎಂದು ವಿನ್ಯಾಸಕಾರ ಜಂಬ ಕೊಚ್ಚಲಿಲ್ಲ. ಕೆಟ್ಟರೆ ಹತ್ತು ಜನ ನೋಡುವ ಕಡೆ ಕೆಡಲಿ ಎಂದು ಏರ್ಪಾಟು ಮಾಡಿದ. ಆದರೆ ಈ ಏರ್ಪಾಟು ರಬ್ಬರಿಗೆ ಮಾತ್ರ. ತಗಡಿನ ಮೈಯಲ್ಲೇ ತೂತು ಬಿದ್ದರೆ ಅದು ಎರಡು ಸಂದುಗಳ ನಡುವಣ ಗುಟ್ಟಾಗಿಯೇ ಉಳಿಯುತ್ತದೆ. ನೆಲ ಒಣಗಿರುತ್ತದೆ.

ಕಟ್ಟು ಬಿಚ್ಚಿದೆವು. ಒಂದೊಂದೇ ತಗಡನ್ನು ತೊಳೆದು, ಒಣಗಿಸಿ, ಒಂದು ಮೈಗೆ ತೂರುವ ಗುಣದ ಕೆಂಪು ಬಣ್ಣವನ್ನು ಹಚ್ಚಿ, ಇನ್ನೊಂದು ಮೈಗೆ ಸುಣ್ಣದಂಥ ಬಿಳಿಯ ಪುಡಿಯನ್ನು ಬಳಿದು ಕಾದೆವು. ಮೂರು ತಗಡುಗಳಲ್ಲಿ, ಒಟ್ಟು ಐದು ಕಡೆ, ಬಿಳಿಯ ಮೇಲೆ ಕೆಂಪು ಚುಕ್ಕೆ ಅರಳಿತು. ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ತೊಳೆಯಲು ಕ್ಲೋರಿನ್ ದ್ರಾವಣವನ್ನು ಬೇಕಾದುದಕ್ಕಿಂತ ಹೆಚ್ಚು ಸುರಿಯುತ್ತಿದ್ದೆವು. ಸ್ಟೀಲಿನ ಹೆಸರಿನಲ್ಲಿ ಕಲೆಯಿಲ್ಲದ್ದು ಎಂಬ ಅರ್ಥವಿದ್ದರೂ ಕ್ಲೋರೈಡು ಅದನ್ನು ಗುಳಿಗುಳಿಯಾಗಿ ತಿನ್ನುತ್ತದೆ. ತೂತು ಬಿದ್ದಮಾತ್ರಕ್ಕೆ ನೀರು ಹಾಲಿಗೆ ಹೋಗಬೇಕೆಂದೇನಿಲ್ಲ. ಒತ್ತಡ ಯಾವ ಕಡೆ ಹೆಚ್ಚೋ ಆ ಕಡೆಯಿಂದ ಹರಿವು. ಹಾಲಿನ ಒತ್ತಡ ಹೆಚ್ಚಿದ್ದರೆ ಹಾಲೇ ನೀರಿಗೆ ಹೋಗಿ, ನೀರು ಬೆಳ್ಳಗಾಗಿ, ಅದೇ ದಿನ ಸುದ್ದಿಯಾಗುತ್ತಿತ್ತು. ಆದರೆ ಆ ವರ್ಷ ನೀರಿನ ಹಳೆಯ ಪಂಪು ಕೆಟ್ಟದ್ದರಿಂದ ಅದಕ್ಕಿಂತ ಬಲವಾದ ಹೊಸ ಪಂಪನ್ನು ಕೂರಿಸಿದ್ದೆವು. ಇನ್ನಷ್ಟು ಚೆನ್ನಾಗಿ ತಣಿಯಲಿ ಎಂದು. ಎರಡು ಒತ್ತಡಗಳನ್ನು ಹೋಲಿಸಿ ನೋಡುವುದು ನನ್ನ ಕೆಲಸವಾಗಿತ್ತು.

ಹಾಲು ಶುದ್ಧೀಕರಿಸುವ ದೊಡ್ಡ ಯಂತ್ರಗಳಲ್ಲಿ ಇದನ್ನು ಮನುಷ್ಯರ ನೆನಪಿಗೆ ಬಿಡುವುದಿಲ್ಲ. ಅಲ್ಲಿ ಕಾದ ಹಾಲಿನ ಒತ್ತಡ ಹಸಿ ಹಾಲಿನದಕ್ಕಿಂತ ಹೆಚ್ಚಾಗಿರುವಂತೆ ವ್ಯವಸ್ಥೆ ಇರುತ್ತದೆ. ತೂತು ಬಿದ್ದರೂ ಶುದ್ಧವಾದದ್ದು ಹಸಿಯ ಕಡೆಗೆ ಹೋದೀತೇ ಹೊರತು ಹಸಿಯದು ಇತ್ತ ಬಾರದು. 72 ಡಿಗ್ರಿ ಮುಟ್ಟದ ಹಾಲನ್ನು ತಾನಾಗಿಯೇ ಹಿಂದಕ್ಕೆ ಕಳಿಸುವ ಕವಾಟವೂ ಅಲ್ಲಿದೆ. ಇನ್ನೂ ಎಚ್ಚರ ಬೇಕೆನ್ನುವವರಿಗಾಗಿ ಜೋಡಿ ತಗಡುಗಳು ಬಂದಿವೆ. ಒಂದರ ಬೆನ್ನಿಗೊಂದು ಒತ್ತಿದ ಎರಡು ತೆಳು ತಗಡು, ನಡುವೆ ಹೊರಗಾಳಿಗೆ ತೆರೆದ ಕೂದಲೆಳೆಯ ಸಂದು. ತೂತು ಬಿದ್ದರೆ ಅದೂ ಹೊರಗೇ ಸೋರುತ್ತದೆ. ಬಿಸಿ ದಾಟುವುದು ಸ್ವಲ್ಪ ಕಡಮೆಯಾಗುತ್ತದೆ, ಬೆಲೆ ಹೆಚ್ಚಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಇದು ನಷ್ಟ. ಈಗ ನಮ್ಮ ಹಳ್ಳಿಗಳಲ್ಲಿಯೇ ದೊಡ್ಡ ತಣಿಸುವ ತೊಟ್ಟಿಗಳು ಬಂದು ಕ್ಯಾನುಗಳ ಓಡಾಟ ಕಡಮೆಯಾಗಿದೆ. ಹಾಲು ಸೊಸೈಟಿಯಲ್ಲೇ ತಣಿಯುತ್ತದೆ. ಆದರೂ ಡೇರಿಯಲ್ಲಿ ಅದು ತಗಡುಗಳ ನಡುವೆ ಹಾಯುವುದು ತಪ್ಪಿಲ್ಲ.

ಹಿಡಿದ ಹಣವನ್ನು ಹಿಂದಕ್ಕೆ ಕೊಡುವ ಕಾಗದ ಹೊರಡಲು ಕೆಲವು ತಿಂಗಳು ಬೇಕಾಯಿತು. ಅದಕ್ಕೆ ಮೊದಲೇ ನಾನು ಆ ಹಿರಿಯ ಕಾರ್ಯದರ್ಶಿಯವರನ್ನು ಕೇಂದ್ರಕ್ಕೆ ಕರೆಸಿ ತೂತಿನ ತಗಡನ್ನು ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಏನೂ ಕಾಣಿಸಲಿಲ್ಲ. ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದರು. ನಾನು ಪಂಪಿನ ವಿಷಯ, ಒತ್ತಡದ ವಿಷಯ ಎಲ್ಲವನ್ನೂ ವಿವರಿಸಿದೆ. ಎಷ್ಟು ಕೇಳಿಸಿಕೊಂಡರೋ ತಿಳಿಯದು.

“ಇದು ಇನ್ನು ನಿಮಗೆ ಬೇಕಾ?” ಎಂದು ಕೇಳಿದರು.

“ಇಲ್ಲ, ಗುಜರಿಗೆ ಹಾಕುವುದು.”

“ಹಾಗಾದ್ರೆ ನನಗೆ ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ? ಹಾಲು ತರುವವರಿಗೆ ಒಮ್ಮೆ ತೋರಿಸ್ಲಿಕ್ಕೆ ಉಂಟು.”

ತಗಡು ಅವರ ತೋಳಿನಷ್ಟು ಉದ್ದವಿತ್ತು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಕೊಡೆಯ ಜೊತೆ ಕಂಕುಳಲ್ಲಿ ಇರಿಸಿಕೊಂಡು ಅವರು ಮಧ್ಯಾಹ್ನದ ಬಸ್ಸು ಹತ್ತಿದರು.